ತಾಳಮದ್ದಳೆಯ ಪುಸ್ತಕಕ್ಕೆ ಪ್ಯಾಂಡಾಕ್: ನಾಲ್ಕು ವರ್ಷಗಳ ಬಳಕೆಯ ನಂತರ

ಉಡುಪಿಯ ನಮ್ಮ ಹವ್ಯಾಸಿ ತಾಳಮದ್ದಳೆ (ವೇಷವಿಲ್ಲದೆ ಕುಳಿತು ನಡೆಸುವ ಯಕ್ಷಗಾನ) ಕೂಟಕ್ಕೆ ಬೇಕಾದ ಪ್ರಸಂಗಗಳನ್ನು, ಅಂದರೆ ಹಾಡುವ ಪದ್ಯಗಳ ಕಥೆಗಳನ್ನು, ನಾಲ್ಕು ವರ್ಷಗಳಿಂದ ನಾನು ಮಾರ್ಕ್‌ಡೌನ್‌ನಲ್ಲಿ (ಶೀರ್ಷಿಕೆ ಮುಂತಾದವನ್ನು ಸರಳ ಚಿಹ್ನೆಗಳಿಂದ ಗುರುತಿಸುವ ಬರಹದ ರೀತಿ) ಬರೆದಿಟ್ಟುಕೊಂಡು, ಪ್ಯಾಂಡಾಕ್ ಎಂಬ ತಂತ್ರಾಂಶದಿಂದ ಪಿಡಿಎಫ್ ಮಾಡಿ, ಮಂಗಳೂರಿನ ಒಂದು ಮುದ್ರಣಾಲಯಕ್ಕೆ ಕಳುಹಿಸುತ್ತಿದ್ದೇನೆ. ಈವರೆಗೆ ಆರು ಪುಸ್ತಿಕೆಗಳು ಹೀಗೆ ಹೊರಬಂದಿವೆ. ತಂತ್ರಾಂಶಕ್ಕೆ ಹಣ ಕೊಡಬೇಕಾಗಿಲ್ಲ. ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾದ ಜಾನ್ ಮ್ಯಾಕ್‌ಫರ್ಲೇನ್ ಅವರು 2006ರಲ್ಲಿ ಆರಂಭಿಸಿದ ಮುಕ್ತ ತಂತ್ರಾಂಶವಿದು. 2004ರಲ್ಲಿ ಜಾನ್ ಗ್ರೂಬರ್ ಪ್ರಕಟಿಸಿದ ಮೂಲ ಮಾರ್ಕ್‌ಡೌನ್ ಜಾಲತಾಣದ ಬರಹಕ್ಕಾಗಿ ಹುಟ್ಟಿದ್ದರಿಂದ ಅದಕ್ಕೆ ‘ಪುಟ’ ಎಂಬ ಕಲ್ಪನೆಯೇ ಇಲ್ಲ. ಪ್ಯಾಂಡಾಕ್ ಅದಕ್ಕೆ ಅಡಿಟಿಪ್ಪಣಿ, ಕೋಷ್ಟಕ, ಪದ್ಯದ ಸಾಲು, ಹೆಸರಿಟ್ಟ ವಿಭಾಗ ಮುಂತಾದವುಗಳನ್ನು ಸೇರಿಸಿದೆಯಾದರೂ, ಪುಟ ಎಲ್ಲಿ ಮುಗಿಯಬೇಕೆಂಬ ತೀರ್ಮಾನವನ್ನು ಪುಟಗಳನ್ನು ಜೋಡಿಸಿ ಪಿಡಿಎಫ್ ತಯಾರಿಸುವ ಲೇಟೆಕ್ ಎಂಬ ಇನ್ನೊಂದು ತಂತ್ರಾಂಶಕ್ಕೆ ಬಿಟ್ಟುಬಿಡುತ್ತದೆ. ನನ್ನ ಸುಖದುಃಖಗಳೆಲ್ಲ ಇಲ್ಲಿಂದಲೇ ಶುರುವಾದವು.

ಪ್ರಸಂಗ ಪುಸ್ತಕದಲ್ಲಿ ಪ್ರತಿ ಪದ್ಯದ ನೆತ್ತಿಯ ಮೇಲೆ ರಾಗ ಮತ್ತು ತಾಳದ ಹೆಸರಿನ ಒಂದು ಸಾಲಿರುತ್ತದೆ. ಆ ಸಾಲು ಪುಟದ ತಳದಲ್ಲಿ ಒಂಟಿಯಾಗಿ ಉಳಿದು ಪದ್ಯ ಮುಂದಿನ ಪುಟಕ್ಕೆ ಜಾರಿದರೆ, ಅಥವಾ ಭಾಮಿನಿ ಷಟ್ಪದಿಯ ಮೂರು ಸಾಲು ಇತ್ತ, ಮೂರು ಸಾಲು ಅತ್ತ ಆದರೆ, ಭಾಗವತರು ತಾಳ ಹಿಡಿದ ಕೈಯಲ್ಲೇ ಹಾಳೆ ತಿರುವಬೇಕಾಗುತ್ತದೆ. ಓದುಗನಿಗೆ ಇದು ಸಣ್ಣ ಕಿರಿಕಿರಿಯಾದರೆ, ಹಾಡುವವರಿಗೆ ಪದ್ಯವೇ ಕಡಿದ ಹಾಗೆ.

ಮೊದಲ ಪಿಡಿಎಫ್‌ನಲ್ಲಿ ಪುಟಸಂಖ್ಯೆಗಳಲ್ಲದೆ ಮತ್ತೇನೂ ಮೂಡಿರಲಿಲ್ಲ. ಪ್ಯಾಂಡಾಕ್ ತಾನಾಗಿ ಆರಿಸಿಕೊಳ್ಳುವ ಪಿಡಿಎಫ್‌ಲೇಟೆಕ್ ಎಂಬ ಲೇಟೆಕ್‌ನ ರೂಪ ಕನ್ನಡವನ್ನು ಕಂಡೊಡನೆ ದೋಷ ತೋರಿಸಿ ನಿಂತಿತ್ತು. ಝೀಲೇಟೆಕ್ ಎಂಬ ಇನ್ನೊಂದು ರೂಪಕ್ಕೆ ಬದಲಿಸಿದರೆ ಅದರ ಮೂಲ ಫಾಂಟಿನಲ್ಲಿ ಕನ್ನಡದ ಅಕ್ಷರಗಳೇ ಇರಲಿಲ್ಲ. ಕಡತದ ತಲೆಯಲ್ಲಿರುವ ಮಾಹಿತಿ ಭಾಗದಲ್ಲಿ ನೋಟೊ ಸೆರಿಫ್ ಕನ್ನಡ ಎಂದು ಫಾಂಟಿನ ಹೆಸರನ್ನು ಬರೆದ ಮೇಲೆ ಎಲ್ಲವೂ ಸರಿಹೋಯಿತು. ಸಾಲುಗಳ ನಡುವಿನ ಅಂತರವನ್ನೂ ಹೆಚ್ಚಿಸಲೇಬೇಕು; ಇಲ್ಲದಿದ್ದರೆ ‘ರಾಷ್ಟ್ರ’ದಂತಹ ಪದದ ಒತ್ತಕ್ಷರಗಳು ಕೆಳಸಾಲಿನ ಗುಡಿಸನ್ನು ಮುಟ್ಟುತ್ತವೆ.

ಮೊದಲ ವರ್ಷ ನಾನು ಮಾಡಿದ ತಪ್ಪನ್ನು ವಿವರವಾಗಿಯೇ ಹೇಳಬೇಕು. ಪದ್ಯ ಮುರಿದಲ್ಲೆಲ್ಲ ಪಠ್ಯದ ನಡುವೆ ‘ಬ್ಯಾಕ್‌ಸ್ಲ್ಯಾಶ್ ನ್ಯೂಪೇಜ್’ ಎಂಬ ಆಜ್ಞೆಯನ್ನು ತುರುಕುತ್ತ ಹೋದೆ. ಸುಮಾರು ನಲವತ್ತು ಕಡೆ ಹಾಕಿದ್ದಿರಬೇಕು. ಅಚ್ಚಿಗೆ ಹೋಗುವ ವಾರದಲ್ಲಿ ಭಾಗವತರು ಪ್ರತಿ ನೋಡಿ, ‘ಅಕ್ಷರ ಸಣ್ಣದಾಯಿತು ಮಾರಾಯರೇ, ರಾತ್ರಿ ಕಾಣುವುದಿಲ್ಲ’ ಎಂದರು. ಗಾತ್ರವನ್ನು 12ರಿಂದ 14ಕ್ಕೆ ಏರಿಸಿದ್ದೇ ತಡ, ನಲವತ್ತೂ ಕಡೆ ಲೆಕ್ಕ ತಪ್ಪಿ ಅರ್ಧರ್ಧ ಖಾಲಿ ಪುಟಗಳಾದವು. ಅದೇ ಕಡತವನ್ನು ಕರಡು ತಿದ್ದುವ ನಿವೃತ್ತ ಮೇಷ್ಟ್ರಿಗಾಗಿ ವರ್ಡ್ ರೂಪಕ್ಕೆ ತಂದಾಗ ಆ ಆಜ್ಞೆಗಳಲ್ಲಿ ಒಂದೂ ಉಳಿದಿರಲಿಲ್ಲ. ಅವು ಲೇಟೆಕ್‌ನ ಆಜ್ಞೆಗಳಾದ್ದರಿಂದ ಪ್ಯಾಂಡಾಕ್ ಅವನ್ನು ವರ್ಡ್‌ಗೆ ದಾಟಿಸದೆ ಸದ್ದಿಲ್ಲದೆ ಕೈಬಿಡುತ್ತದೆ.

ಈಗ ಪಠ್ಯದಲ್ಲಿ ಪುಟದ ಮಾತನ್ನೇ ಎತ್ತುವುದಿಲ್ಲ. ಮೂರು ಕೋಲನ್‌ಗಳ ಸಾಲಿನಿಂದ ಪದ್ಯವನ್ನು ಆವರಿಸಿ ಅದಕ್ಕೆ ‘ಪದ್ಯ’ ಎಂಬ ಹೆಸರು ಕೊಡುತ್ತೇನೆ. ಒಳಗೆ ಪ್ರತಿ ಸಾಲಿನ ಮೊದಲಿಗೆ ನಿಲುಗೆರೆ ಹಾಕಿದರೆ ಸಾಲುಗಳೂ ಸಾಲಿನ ಆರಂಭದ ಖಾಲಿ ಜಾಗವೂ ಇದ್ದಂತೆಯೇ ಉಳಿಯುವುದರಿಂದ ಷಟ್ಪದಿಯ ಆಕಾರ ಕೆಡುವುದಿಲ್ಲ. ಹೆಸರಿಟ್ಟ ಮಾತ್ರಕ್ಕೆ ಲೇಟೆಕ್ ಏನನ್ನೂ ಮಾಡುವುದಿಲ್ಲ. ಪ್ಯಾಂಡಾಕ್‌ನ 2017ರ 2.0 ಆವೃತ್ತಿಯಿಂದ ದೊರೆತಿರುವ ಲುವಾ ಫಿಲ್ಟರ್ (ಪರಿವರ್ತನೆಯ ನಡುವೆ ಪಠ್ಯವನ್ನು ಬದಲಿಸುವ ಪುಟ್ಟ ಪ್ರೋಗ್ರಾಂ) ಸೌಲಭ್ಯವನ್ನು ಬಳಸಿ, ಆ ವಿಭಾಗದ ಸಾಲುಗಳನ್ನು ಎಣಿಸಿ, ಅಷ್ಟು ಸಾಲುಗಳಿಗೆ ಜಾಗವಿಲ್ಲದಿದ್ದರೆ ರಾಗದ ಸಾಲಿನ ಸಮೇತ ಮುಂದಿನ ಪುಟಕ್ಕೆ ಹೋಗು ಎಂದು ತಿಳಿಸುವ ಇಪ್ಪತ್ತು ಸಾಲಿನ ಒಂದು ತುಣುಕನ್ನು ಬರೆದಿದ್ದೇನೆ. ಬಹಳ ಚರಣಗಳಿರುವ ಪದ್ಯವನ್ನು ಚರಣಕ್ಕೊಂದು ವಿಭಾಗವಾಗಿ ಒಡೆಯುತ್ತೇನೆ. ಪುಟದ ತಳ ಸಮವಾಗಲೆಂದು ಲೇಟೆಕ್ ಪದ್ಯಗಳ ನಡುವಿನ ಅಂತರವನ್ನು ಜಗ್ಗಿ ವಿಕಾರಗೊಳಿಸುತ್ತಿದ್ದುದನ್ನು, ತಳ ಏರುಪೇರಾದರೂ ಅಡ್ಡಿಯಿಲ್ಲ ಎಂಬ ಒಂದೇ ಆಜ್ಞೆ ನಿಲ್ಲಿಸಿತು.

ಇದರ ಫಲವನ್ನು ಕಳೆದ ವರ್ಷ ಕಂಡೆ. ನಮ್ಮ ಮುದ್ರಣಾಲಯದಲ್ಲಿ ಹದಿನಾರು ಪುಟಗಳಿಗೆ ಒಂದು ಫಾರಂ. ಪುಸ್ತಕ 83 ಪುಟಕ್ಕೆ ಬಂದು ನಿಂತಾಗ, ಮೂರು ಪುಟಗಳಿಗಾಗಿ ಇನ್ನೊಂದು ಫಾರಂಗೆ ಹಣ ಕೊಡುವುದು ಕೂಟಕ್ಕೆ ಹೊರೆಯಾಗುತ್ತಿತ್ತು. ಸಾಲಿನ ಅಂತರವನ್ನು 1.35ರಿಂದ 1.3ಕ್ಕೆ ಇಳಿಸಿದೆ, ಇಡೀ ಪುಸ್ತಕ ಮರುಜೋಡಣೆಗೊಂಡು 80 ಪುಟಗಳಿಗೆ ಇಳಿಯಿತು, ಒಂದು ಪದ್ಯವೂ ಮುರಿಯಲಿಲ್ಲ. ಪುಟವನ್ನು ಕೈಯಿಂದ ಜೋಡಿಸುವ ಯಾವ ವಿಧಾನದಲ್ಲೂ ಇದು ಒಂದು ದಿನದ ಕೆಲಸವೇ ಸರಿ.

ವರ್ಡ್ ಪ್ರತಿಯ ವಿಷಯದಲ್ಲಿ ನನಗೆ ಅಷ್ಟು ತೃಪ್ತಿಯಿಲ್ಲ. ಅಲ್ಲಿ ಪುಟದ ಅಳತೆ, ಅಂಚು, ಶೈಲಿಗಳೆಲ್ಲ ಒಂದು ಮಾದರಿ ಕಡತದಿಂದ ಬರುತ್ತವೆ. ‘ಪದ್ಯ’ ಶೈಲಿಗೆ ಸಾಲುಗಳು ಒಟ್ಟಿಗಿರಲಿ ಎಂಬ ಗುಣವನ್ನು ಅದರಲ್ಲೇ ಕೊಡಬಹುದು. ಆದರೆ ವರ್ಡ್ ಕನ್ನಡವನ್ನು ಸಂಕೀರ್ಣ ಲಿಪಿಯೆಂದು ಪರಿಗಣಿಸುವುದರಿಂದ ಅದರ ಫಾಂಟನ್ನೂ ಗಾತ್ರವನ್ನೂ ಬೇರೆಯೇ ಕಡೆ ನಮೂದಿಸಬೇಕು. ಇದು ತಿಳಿಯುವ ತನಕ ಇಂಗ್ಲಿಷ್ ಅಕ್ಷರ ಮಾತ್ರ ದೊಡ್ಡದಾಗುತ್ತಿದ್ದುದನ್ನು ನೋಡುತ್ತ ಒಂದು ಸಂಜೆಯನ್ನೇ ಕಳೆದಿದ್ದೇನೆ.

ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆಯನ್ನೂ ಹೀಗೆಯೇ ಮಾಡಲು ಹೊರಟು ಕೈಬಿಟ್ಟೆ. ಅರ್ಧ ಪುಟದ ಜಾಹೀರಾತು, ದಾನಿಗಳ ಭಾವಚಿತ್ರ, ಶುಭಾಶಯದ ಚೌಕಟ್ಟುಗಳಿರುವ ಕೆಲಸಕ್ಕೆ ಡಿಟಿಪಿಯವರೇ ಸರಿ.

ಪ್ರಸಂಗ ಪುಸ್ತಕದಲ್ಲಿ ಇನ್ನೂ ಬಗೆಹರಿಯದ ಒಂದು ತೊಡಕಿದೆ. ತೆರೆದ ಪುಸ್ತಕದಲ್ಲಿ ಎಡಪುಟ, ಬಲಪುಟ ಎರಡೂ ಕಣ್ಣೆದುರಿಗಿರುವುದರಿಂದ ಎಡದಿಂದ ಬಲಕ್ಕೆ ಪದ್ಯ ಮುರಿದರೆ ಭಾಗವತರಿಗೆ ತೊಂದರೆಯಿಲ್ಲ. ಹಾಳೆ ತಿರುವಬೇಕಾದ ಬಲಪುಟದ ತಳದಲ್ಲಿ ಮಾತ್ರ ಮುರಿಯಬಾರದು. ನನ್ನ ಫಿಲ್ಟರ್‌ಗೆ ಎಡಬಲದ ಭೇದ ಗೊತ್ತಿಲ್ಲ. ಪುಟ ಯಾವ ಬದಿಗೆ ಬೀಳುತ್ತದೆ ಎಂಬುದು ಲೇಟೆಕ್ ಜೋಡಿಸುವಾಗಲೇ ನಿಶ್ಚಯವಾಗುವ ಸಂಗತಿ. ಫಿಲ್ಟರ್ ಓಡುವುದು ಅದಕ್ಕೂ ಮೊದಲು. ಹಾಗಾಗಿ ಎಡಪುಟಗಳಲ್ಲೂ ಅದು ಸುಮ್ಮನೆ ಜಾಗ ಬಿಡುತ್ತದೆ. ಕೊನೆಯ ಕರಡನ್ನು ನೆಲದ ಮೇಲೆ ಜೋಡಿ ಜೋಡಿಯಾಗಿ ಹರಡಿ, ಅಂಥ ಕಡೆಗಳನ್ನು ಪೆನ್ಸಿಲಿನಿಂದ ಗುರುತಿಸಿಕೊಂಡು, ಅವುಗಳಿಗೆ ಕೊಟ್ಟಿದ್ದ ‘ಪದ್ಯ’ ಎಂಬ ಹೆಸರನ್ನು ಒಂದೊಂದಾಗಿ ತೆಗೆಯುತ್ತೇನೆ.