ಬಿಡಿಯಾಗಿ ತೂಗಿ ಕೊಡುವ ಡಾಗ್ ಫುಡ್ ತರಬೇಡಿ

ಮೂರು ಕಿಲೋ ಡಾಗ್ ಫುಡ್‌ನಲ್ಲಿ ಇನ್ನೂರು ರೂಪಾಯಿ ಉಳಿಸಿದೆ ಅಂತ ಖುಷಿಪಟ್ಟವಳು ನಾನೇ. ಆಮೇಲೆ ನಮ್ಮ ನಾಯಿ ಗುಂಡನ ಡ್ರಿಪ್, ರಕ್ತ ಪರೀಕ್ಷೆ ಅಂತ ಹದಿನಾಲ್ಕು ಸಾವಿರ ಕಟ್ಟಿದೆ.

ಮೈಸೂರಿನಲ್ಲಿ ನಮ್ಮ ಮನೆ ಹತ್ತಿರದ ಅಂಗಡಿ. ದೊಡ್ಡ ಮೂಟೆ ಬಿಚ್ಚಿ, ಒಂದೊಂದು ಕಿಲೋ ತೂಗಿ, ಪ್ಲಾಸ್ಟಿಕ್ ಕವರ್‌ಗೆ ತುಂಬಿ ಗಂಟು ಹಾಕಿ ಇಟ್ಟಿರುತ್ತಾರೆ. "ಅದೇ ಕಂಪನಿ ಮಾಲು ಅಕ್ಕ, ಪ್ಯಾಕೆಟ್‌ಗೆ ಯಾಕೆ ಸುಮ್ನೆ ಜಾಸ್ತಿ ಕೊಡ್ತೀರಾ" ಅಂದರು. ಅಕ್ಕಿ ಬೇಳೆ ಹಾಗೇ ತರೋದಿಲ್ವಾ ನಾವು, ಸರಿ ಅನ್ನಿಸಿತು. ಮಳೆಗಾಲ ಬೇರೆ. ಸ್ವಲ್ಪ ಮುಗ್ಗಲು ವಾಸನೆ ಇತ್ತು. ಗುಂಡ ಎರಡು ದಿನ ಮೂಸಿ ನೋಡಿ ಬಿಟ್ಟ. ಅವನಿಗೆ ಗೊತ್ತಾಗಿತ್ತು. ಸೊಕ್ಕು ಅಂತ ಬೈದು, ಮೊಸರು ಕಲಸಿ ತಿನ್ನಿಸಿದವಳು ನಾನು.

ಹತ್ತು ಹನ್ನೆರಡು ದಿನಕ್ಕೆ ವಾಂತಿ ಶುರುವಾಯಿತು. ಏಳುತ್ತಲೇ ಇರಲಿಲ್ಲ. ತುಟಿ ಎತ್ತಿ ನೋಡಿದರೆ ವಸಡೆಲ್ಲ ಅರಿಶಿನ ಬಳಿದ ಹಾಗೆ. ಡಾಕ್ಟ್ರು ಮೊದಲು ಕೇಳಿದ್ದೇ "ಊಟಕ್ಕೆ ಏನು ಹಾಕ್ತಾ ಇದ್ದೀರಿ?" ಅಂತ. ಇಲಿ ಜ್ವರದ ಪರೀಕ್ಷೆ ಮಾಡಿಸಿದರು, ಅದಲ್ಲ ಅಂತಾಯಿತು. ಲಿವರ್‌ಗೆ ಪೆಟ್ಟು ಬಿದ್ದಿದೆ, ಬೂಷ್ಟಿನ ವಿಷ ಇರಬಹುದು ಅಂದರು.

ಡಾಗ್ ಫುಡ್‌ಗೆ ಮುಸುಕಿನ ಜೋಳ ಹಾಕುತ್ತಾರಲ್ಲ, ಅದಕ್ಕೆ ತೇವ ತಗುಲಿ ಬೂಷ್ಟು ಬಂದರೆ ಅಫ್ಲಾಟಾಕ್ಸಿನ್ ಅನ್ನುವ ವಿಷ ಹುಟ್ಟಬಹುದು. ಕಣ್ಣಿಗೆ ಕಾಣಲ್ಲ, ಬಿಸಿ ಮಾಡಿದರೂ ಪೂರ್ತಿ ಹೋಗಲ್ಲ. ಅಮೆರಿಕದಲ್ಲಿ 2020ರ ಕೊನೆಗೆ ಸ್ಪೋರ್ಟ್‌ಮಿಕ್ಸ್ ಅನ್ನುವ ಬ್ರ್ಯಾಂಡ್‌ನಲ್ಲಿ ಇದೇ ವಿಷ ಸಿಕ್ಕಿ, ನೂರಕ್ಕೂ ಹೆಚ್ಚು ನಾಯಿಗಳು ಸತ್ತ ವರದಿ ಬಂತು. ಅಲ್ಲಿ ಲಾಟ್ ನಂಬರ್ (ಒಂದೇ ಸಲ ತಯಾರಾದ ಮಾಲಿಗೆ ಹಾಕುವ ಗುರುತು) ಹೇಳಿ ಮಾಲನ್ನು ವಾಪಸ್ ಕರೆಸಿಕೊಂಡರು. ನನ್ನ ಕವರ್ ಮೇಲೆ ನಂಬರ್ ಹೋಗಲಿ, ಒಂದು ಅಕ್ಷರವೂ ಇರಲಿಲ್ಲ.

ದೂರು ಕೊಡಲು ಹೋದ ಕಥೆ ಇನ್ನೂ ಚಂದ. ಆಹಾರ ಸುರಕ್ಷತೆ ಕಚೇರಿಯಲ್ಲಿ "ಇದು ನಮಗೆ ಬರಲ್ಲಮ್ಮ" ಅಂದರು. ಅವರದು ತಪ್ಪಲ್ಲ, 2006ರ ಆಹಾರ ಸುರಕ್ಷತೆ ಕಾಯ್ದೆಯಲ್ಲಿ 'ಆಹಾರ' ಅಂದರೆ ಪ್ರಾಣಿಗಳ ಮೇವು ಸೇರುವುದೇ ಇಲ್ಲ. ನಾಯಿ ಬೆಕ್ಕಿನ ಆಹಾರಕ್ಕೆ ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್‌ನ ಐಎಸ್ 11968 ಅನ್ನುವ ಮಾನದಂಡ ಇದೆ. ಇದ್ದು ಏನು ಮಾಡೋದು, ನಾನು ನೋಡಿದ ಪ್ಯಾಕೆಟ್‌ಗಳ ಮೇಲೆ ಐಎಸ್ಐ ಗುರುತೇ ಇಲ್ಲ, ಮಾರಾಟ ಆರಾಮಾಗಿ ನಡೀತಿದೆ. ಆದರೆ ಮೊದಲೇ ತೂಗಿ ಕಟ್ಟಿಟ್ಟ ಯಾವ ಮಾಲಿನ ಮೇಲೂ ತಯಾರಿಸಿದವರ ಹೆಸರು, ತಿಂಗಳು, ವರ್ಷ, ತೂಕ, ಬೆಲೆ ಇರಲೇಬೇಕು ಅಂತ ತೂಕ ಅಳತೆ ಇಲಾಖೆಯ 2011ರ ನಿಯಮ ಇದೆ. ಅದು ಮನುಷ್ಯರ ಊಟ, ನಾಯಿ ಊಟ ಅಂತ ಭೇದ ಮಾಡಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಬಿಲ್ ಇದೆಯಾ ಅಂದರು. ಎಲ್ಲಿಂದ ತರಲಿ!

ಗುಂಡ ಉಳಿದುಕೊಂಡ. ಈಗಲೂ ಲಿವರ್ ಮಾತ್ರೆ ನಡೆಯುತ್ತಿದೆ, ಅನ್ನ ಮೊಟ್ಟೆ ತಿನ್ನುತ್ತಾನೆ. ನೀವು ಪ್ಯಾಕೆಟ್ಟೇ ತನ್ನಿ, ಬಿಲ್ ಕೇಳಿ, ಡಬ್ಬಕ್ಕೆ ಸುರಿದ ಮೇಲೂ ಪ್ಯಾಕೆಟ್ ಎಸೆಯಬೇಡಿ. ನಾಯಿ ಹುಷಾರು ತಪ್ಪಿದರೆ ಉಳಿದ ಕಾಳನ್ನೂ ತೆಗೆದಿಡಿ. ನಾನು ಸಿಟ್ಟಿನಲ್ಲಿ ಪೂರ್ತಿ ಕಸದ ಗಾಡಿಗೆ ಸುರಿದುಬಿಟ್ಟಿದ್ದೆ, ಡಾಕ್ಟ್ರು ಲ್ಯಾಬ್‌ಗೆ ಕಳಿಸೋಣ ಅಂದಾಗ ಒಂದು ಹಿಡಿಯೂ ಇರಲಿಲ್ಲ.