ಪೆಟೋಸ್ಕಿ ಕಲ್ಲಿನ ಪಾಲಿಶ್ ಕಿಟ್: ಧಾರಾಳವಾಗಿ ತಗೊಳ್ಳಿ, ಹುಣಸೆಹಣ್ಣು ಮಾತ್ರ ಮುಟ್ಟಿಸ್ಬೇಡಿ

ಹೋದ ಬೇಸಿಗೇಲಿ ಅಮೆರಿಕದ ಮಿಷಿಗನ್ ರಾಜ್ಯದ ಉತ್ತರದ ಕಡೆ ಪೆಟೋಸ್ಕಿ ಊರಿಗೆ ಹೋಗಿದ್ವಿ, ಮೈಸೂರಿಂದ ಬಂದಿದ್ದ ಅಮ್ಮನೂ ಜೊತೇಲಿದ್ರು. ಅಲ್ಲೊಂದು ಸಣ್ಣ ಅಂಗಡೀಲಿ 18 ಡಾಲರ್ ಕೊಟ್ಟು ಈ ಕಿಟ್ ತಗೊಂಡೆ. ಒಳಗೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದೊಂದು ಕಲ್ಲು, 220, 400, 600 ನಂಬರಿನ ಸ್ಯಾಂಡ್‌ಪೇಪರ್, ಪಾಲಿಶ್ ಪುಡಿ, ಒಂದು ತುಂಡು ವೆಲ್ವೆಟ್ ಬಟ್ಟೆ, ಅಷ್ಟೇ.

ಒಣಗಿರೋವಾಗ ನೋಡಿದ್ರೆ ರಸ್ತೆ ಬದಿ ಬೂದಿ ಬಣ್ಣದ ಕಲ್ಲು, ಇದಕ್ಕೆ ದುಡ್ಡು ಕೊಟ್ಯಾ ಅಂತ ಅಮ್ಮ ಕೇಳಿದ್ರು. ಸಿಂಕಲ್ಲಿ ನಲ್ಲಿ ಕೆಳಗೆ ಹಿಡಿದೆ ನೋಡಿ, ಜೇನುತಟ್ಟಿ ಥರ ಆರು ಮೂಲೆಯ ಮನೆಗಳು ಒಂದಕ್ಕೊಂದು ಅಂಟ್ಕೊಂಡು ಎದ್ದು ಬಂದ್ವು, ಒಂದೊಂದೂ ಕಿರುಬೆರಳ ಉಗುರಿನಷ್ಟು, ನಡುವೆ ಒಂದು ಕಪ್ಪು ಕಣ್ಣು, ಅದರ ಸುತ್ತ ಕೂದಲೆಳೆಯಂಥ ಗೆರೆಗಳು. ಪೆಟೋಸ್ಕಿ ಕಲ್ಲು ಅಂದ್ರೆ ಕಲ್ಲಾಗಿ ಉಳಿದ ಹಳೇ ಹವಳ. ಒಂದೊಂದು ಮನೇಲೂ ಒಂದು ಹವಳದ ಹುಳು ಬದುಕಿತ್ತು, ಆ ಕಪ್ಪು ಕಣ್ಣು ಅದರ ಬಾಯಿ ಇದ್ದ ಜಾಗ, ಆಮೇಲೆ ಕೆಸರು ತುಂಬ್ಕೊಂಡು ಕಲ್ಲಾಯ್ತು.

ಈ ಹವಳದ ಹೆಸರು ಹೆಕ್ಸಾಗೊನೇರಿಯಾ. ಸುಮಾರು 38 ಕೋಟಿ ವರ್ಷದ ಹಿಂದೆ, ಡೆವೋನಿಯನ್ ಕಾಲದಲ್ಲಿ, ಇವತ್ತು ಚಳಿಗಾಲದಲ್ಲಿ ಮೊಣಕಾಲುದ್ದ ಹಿಮ ಬೀಳೋ ಈ ಜಾಗ ಸಮಭಾಜಕ ವೃತ್ತದ ದಕ್ಷಿಣಕ್ಕಿತ್ತು, ಬೆಚ್ಚಗಿನ ಆಳವಿಲ್ಲದ ಉಪ್ಪು ಸಮುದ್ರ, ಬಿಸಿಲು ತಳದವರೆಗೂ ಇಳೀತಿತ್ತು, ಸುತ್ತಮುತ್ತ ಟ್ರೈಲೋಬೈಟ್ ಅನ್ನೋ, ಈಗ ಅಳಿದುಹೋದ ಕವಚದ ಸಮುದ್ರಜೀವಿಗಳು, ಚಿಪ್ಪಿನ ಜೀವಿಗಳು. ಈ ಜಾತಿಯ ಹವಳದ ಇಡೀ ಗುಂಪೇ 25 ಕೋಟಿ ವರ್ಷದ ಹಿಂದೆ ಅಳಿದುಹೋಯ್ತು. ಆಮೇಲೆ ಹಿಮಯುಗದಲ್ಲಿ ಹಿಮನದಿಗಳು ತಳದ ಬಂಡೆ ಕಿತ್ತು, ಉಜ್ಜಿ, ಉರುಟು ಮಾಡಿ ಈಗಿನ ಸರೋವರದ ದಡದಲ್ಲೆಲ್ಲ ಹರಡಿದ್ವು. 1965ರಲ್ಲಿ ಇದನ್ನ ಮಿಷಿಗನ್‌ನ ರಾಜ್ಯದ ಕಲ್ಲು ಅಂತ ಮಾಡಿದ್ರು.

ಉಜ್ಜೋಕೆ ಶುರು ಮಾಡಿದ್ಮೇಲೆ ನಾನೂ ಅಮ್ಮನೂ ಸರದಿ ಮೇಲೆ ಮೂರು ಸಂಜೆ ಕೂತ್ವಿ. ನೀರು ಹಾಕ್ಕೊಂಡೇ ಉಜ್ಜಿ, ಧೂಳು ಏಳಲ್ಲ. 220ರಲ್ಲಿ ಗೀರು ಪೂರ್ತಿ ಹೋಗೋವರೆಗೂ ಮುಂದಿನ ಪೇಪರಿಗೆ ಹೋಗ್ಬೇಡಿ, ನಾನು ಆತುರ ಪಟ್ಟು ಮತ್ತೆ ಮೊದಲಿಂದ ಮಾಡ್ಬೇಕಾಯ್ತು. ಕಲ್ಲು ಮೆತ್ತಗಿದೆ, ಸುಣ್ಣದ ಕಲ್ಲೇ ಅಲ್ವಾ, ಹಾಗಾಗಿ ಮೆಷಿನ್ ಬೇಕಿಲ್ಲ, ಕೈಯಲ್ಲೇ ಕನ್ನಡಿ ಥರ ಹೊಳಪು ಬರುತ್ತೆ.

ನಮ್ಮ ಸಾಲಿಗ್ರಾಮವೂ ಹಳೇ ಸಮುದ್ರದ ಜೀವೀನೇ, ಗಂಡಕಿ ನದೀಲಿ ಸಿಗೋ ಅಮೊನೈಟ್, ಅಂದ್ರೆ ಸುರುಳಿ ಚಿಪ್ಪಿನ ಜೀವಿ ಕಲ್ಲಾಗಿದ್ದು, ಈ ಹವಳ ಅದಕ್ಕಿಂತ ಎಷ್ಟೋ ಹಳೇದು ಅಂದೆ. ಅಮ್ಮ ಸುಮ್ಮನೆ ಎದ್ದು ಹೋಗಿ ಕಲ್ಲನ್ನ ದೇವರ ಮುಂದೆ ಇಟ್ರು. ಮುಂದಿನ ಶುಕ್ರವಾರ ಹಿತ್ತಾಳೆ ದೀಪದ ಜೊತೆ ಅದನ್ನೂ ಹುಣಸೆಹಣ್ಣು ಹಾಕಿ ತೊಳೆದುಬಿಟ್ರು. ಹುಳಿ ತಾಗಿದ್ರೆ ಸುಣ್ಣ ಕರಗುತ್ತೆ, ಹೊಳಪೆಲ್ಲ ಹೋಗಿ ಮೇಲ್ಮೈ ಮಂಕಾಯ್ತು. ಅಮ್ಮನ ಮುಖ ನೋಡೋಕಾಗ್ಲಿಲ್ಲ. ಕಿಟ್ ಬಗ್ಗೆ ನನ್ನ ದೊಡ್ಡ ದೂರು ಇದೇ, ಜೊತೆಗಿರೋ ಚೀಟೀಲಿ ಹುಳಿ, ವಿನೆಗರ್ ಬಗ್ಗೆ ಒಂದಕ್ಷರ ಇಲ್ಲ. 600 ಪೇಪರಿಂದ ಮತ್ತೆ ಉಜ್ಜಿ ಸರಿ ಮಾಡಿದ್ವಿ, ಪುಡಿ ಮಾತ್ರ ಅಷ್ಟರಲ್ಲಿ ಖಾಲಿ. ಪುಡಿ ಇನ್ನೊಂದು ಪೊಟ್ಟಣ ಕೊಡ್ಬೇಕಿತ್ತು.

ಅದೇ ಅಂಗಡೀಲಿ ಲ್ಯಾಕರ್ ಹಚ್ಚಿದ ರೆಡಿ ಕಲ್ಲುಗಳೂ ಇದ್ವು, ನಾನಂತೂ ಅದನ್ನ ತಗೊಳ್ಳಲ್ಲ, ಗೆರೆಗಳು ಒಂದೊಂದಾಗಿ ಕೈಕೆಳಗೆ ಎದ್ದು ಬರೋದು ನೋಡೋಕೇ ಈ ದುಡ್ಡು. ಬರೀ ಕಲ್ಲು ಸಾಕು ಅಂದ್ರೆ ದಡದಲ್ಲೇ ಹುಡುಕಿ, ರಾಜ್ಯದ ಜಾಗದಲ್ಲಿ ಒಬ್ರಿಗೆ ವರ್ಷಕ್ಕೆ 25 ಪೌಂಡ್ ತನಕ ಬಿಡ್ತಾರೆ, ಸ್ಲೀಪಿಂಗ್ ಬೇರ್ ಡ್ಯೂನ್ಸ್ ಅನ್ನೋ ರಾಷ್ಟ್ರೀಯ ಸಂರಕ್ಷಿತ ದಡದಲ್ಲಿ ಮಾತ್ರ ಒಂದೂ ಎತ್ಕೊಳ್ಳೋ ಹಾಗಿಲ್ಲ. ಹೋಗೋವಾಗ ಒಂದು ಬಾಟ್ಲಿ ಇಟ್ಕೊಳ್ಳಿ, ಒಣ ಕಲ್ಲಿನ ಮೇಲೆ ನೀರು ಹಾಕಿ ನೋಡ್ದೆ ಯಾವುದನ್ನೂ ಬಿಸಾಡ್ಬೇಡಿ.