ಇನ್ಫೋ ಮೇಲ್ ಯಾರು ನೋಡಿದರು? ಔಟ್‌ಲುಕ್, ಗೂಗಲ್ ಗ್ರೂಪ್ಸ್, ಥಂಡರ್‌ಬರ್ಡ್, ಫ್ರೀಸ್ಕೌಟ್ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ: ಐದಾರು ಜನ ಸೇರಿ ಒಂದೇ ಮೇಲ್ ವಿಳಾಸ ನೋಡಿಕೊಳ್ಳುವ ಆಫೀಸಿಗೆ ನನ್ನ ಓಟು ಫ್ರೀಸ್ಕೌಟ್‌ಗೆ. ಒಂದೇ ಇನ್‌ಬಾಕ್ಸನ್ನು ಹಲವರು ಬ್ರೌಸರಿನಲ್ಲಿ ಹಂಚಿಕೊಂಡು ನೋಡುವ ಸಾಫ್ಟ್‌ವೇರ್ ಅದು. ವೆಬ್‌ಸೈಟಿಗಾಗಿ ಈಗಾಗಲೇ ಹೋಸ್ಟಿಂಗ್ ತೆಗೆದುಕೊಂಡಿದ್ದರೆ ಅದರಲ್ಲೇ ಕೂರಿಸಬಹುದು, ತಲೆಗಿಷ್ಟು ಎಂದು ತಿಂಗಳ ಬಾಡಿಗೆ ಕಟ್ಟಬೇಕಿಲ್ಲ. ಆದರೆ ಅದರಲ್ಲೊಂದು ತರಲೆ ಇದೆ. ಗೊತ್ತಿಲ್ಲದೆ ಹಾಕಿಕೊಂಡರೆ ಮೊದಲಿಗಿಂತ ಹೆಚ್ಚು ಮೇಲ್ ಕೈತಪ್ಪುತ್ತವೆ. ಅದನ್ನು ಕೆಳಗೆ ಬಿಡಿಸಿ ಬರೆದಿದ್ದೇನೆ.

ಇಲ್ಲಿನ ಲೆಕ್ಕವೆಲ್ಲ ಮೈಸೂರಿನ ಟ್ರಾವೆಲ್ಸ್ ಅಥವಾ ಲಾಡ್ಜ್ ಬುಕಿಂಗ್ ಆಫೀಸಿನಂಥ ಕಡೆಗೆ. ದಸರಾ ಹತ್ತಿರ ಬಂತೆಂದರೆ ರೂಮು ಕೇಳುವ ಮೇಲ್‌ಗಳು ಇನ್ಫೋ ವಿಳಾಸಕ್ಕೆ (info@ ಎಂದು ಶುರುವಾಗುವ, ಆಫೀಸಿನವರೆಲ್ಲ ನೋಡುವ ವಿಳಾಸ) ಸುರಿಯುತ್ತವೆ. ಬೆಳಿಗ್ಗೆ ಒಬ್ಬರು ತೆರೆದು ನೋಡಿ, ರೇಟು ಕೇಳಿಕೊಂಡು ಉತ್ತರಿಸೋಣ ಎಂದು ಬಿಟ್ಟರೆ ದಪ್ಪ ಅಕ್ಷರ ತೆಳ್ಳಗಾಯಿತು. ಉಳಿದ ನಾಲ್ವರ ಕಣ್ಣಿಗೆ ಅದು ಮುಗಿದ ಕೆಲಸ. ಮದುವೆ ಊಟದಲ್ಲಿ ಕೊನೆಯ ಪಂಕ್ತಿಗೆ ಪಲ್ಯ ಬಡಿಸಿಯಾಗಿದೆ ಎಂದು ಎಲ್ಲರೂ ಅಂದುಕೊಂಡ ಹಾಗೆ. ಇಲ್ಲವೇ ಇಬ್ಬರು ಒಂದೇ ಹೊತ್ತಿಗೆ ಉತ್ತರಿಸಿ, ಒಂದೇ ಪಾರ್ಟಿಗೆ ಎರಡು ರೇಟು ಹೋಗುತ್ತದೆ.

ಇದಕ್ಕೆ ಕಾರಣ ಸರಳ. ಐಮ್ಯಾಪ್‌ನಲ್ಲಿ (ಮೇಲ್ ಸರ್ವರಿನಲ್ಲೇ ಇದ್ದು ಎಲ್ಲ ಕಂಪ್ಯೂಟರಿನಲ್ಲೂ ಕಾಣುವ ವಿಧಾನ) ಪ್ರತಿ ಮೇಲ್‌ಗೆ 'ಸೀನ್', ಅಂದರೆ ಓದಿಯಾಗಿದೆ, ಎಂಬ ಒಂದು ಗುರುತು ಇರುತ್ತದೆ. ಐವರೂ ಒಂದೇ ಪಾಸ್‌ವರ್ಡಿನಿಂದ ಒಳಗೆ ಹೋದರೆ ಸರ್ವರಿನ ಮಟ್ಟಿಗೆ ಅವರೆಲ್ಲ ಒಬ್ಬರೇ, ಆದ್ದರಿಂದ ಗುರುತೂ ಒಂದೇ. ಯಾರು ಹಾಕಿದ್ದೆಂದು ಅದರಲ್ಲಿ ಬರೆದಿರುವುದಿಲ್ಲ. ಪ್ರತಿಯೊಬ್ಬರಿಗೂ ಬೇರೆ ಬೇರೆ ಸೀನ್ ಗುರುತು ಇಡುವ ವ್ಯವಸ್ಥೆ ಸೈರಸ್, ಡವ್‌ಕಾಟ್ ಸರ್ವರುಗಳಲ್ಲಿ ಉಂಟು. ಆದರೆ ಅದಕ್ಕೆ ಒಬ್ಬೊಬ್ಬರಿಗೂ ಬೇರೆ ಲಾಗಿನ್ ಬೇಕು, ಸರ್ವರ್ ನಮ್ಮ ಕೈಯಲ್ಲಿರಬೇಕು. ಬಾಡಿಗೆ ಹೋಸ್ಟಿಂಗಿನಲ್ಲಿ ಅದು ಆಗುವ ಮಾತಲ್ಲ. ರೀಡ್ ರಸೀತಿ ಕೇಳಬೇಡಿ, ಅದು ಮೇಲ್ ಕಳಿಸಿದವರಿಗೆ ಹೋಗುವಂಥದ್ದು. ಪಾಪ್ ವಿಧಾನದಲ್ಲಿ (ಮೇಲನ್ನು ಕಂಪ್ಯೂಟರಿಗೇ ಇಳಿಸಿಕೊಳ್ಳುವುದು) ಇನ್ನೂ ನಡೆಸುತ್ತಿದ್ದರೆ ಇವತ್ತೇ ನಿಲ್ಲಿಸಿ: ಸರ್ವರಿನಲ್ಲಿ ಪ್ರತಿ ಉಳಿಸುವ ಟಿಕ್ ಹಾಕದಿದ್ದರೆ ಮೊದಲು ತೆರೆದ ಕಂಪ್ಯೂಟರೇ ಎಲ್ಲವನ್ನೂ ಬಾಚಿಕೊಂಡು ಹೋಗುತ್ತದೆ.

ಔಟ್‌ಲುಕ್‌ನ ಶೇರ್ಡ್ ಮೇಲ್‌ಬಾಕ್ಸ್‌ನಲ್ಲಿ ಒಬ್ಬೊಬ್ಬರಿಗೂ ಅವರದೇ ಲಾಗಿನ್ ಇರುವುದರಿಂದ ಇಲ್ಲಾದರೂ ಗೊತ್ತಾಗುತ್ತದೆ ಎಂದು ಅನ್ನಿಸುತ್ತದೆ. ಪರದೆಯ ಮೇಲೆ ಗೊತ್ತಾಗುವುದಿಲ್ಲ. ಒಬ್ಬರು ಓದಿದರೆ ಎಲ್ಲರಿಗೂ ಓದಿದಂತೆಯೇ. ತೆರೆಮರೆಯಲ್ಲಿ ಆಡಿಟ್ ಲಾಗ್ (ಯಾರು ಏನು ಮಾಡಿದರೆಂಬ ದಾಖಲೆ) ಇದೆ: ಮೈಕ್ರೋಸಾಫ್ಟ್ ಪರ್ವ್ಯೂ ಪೋರ್ಟಲಿಗೆ ಹೋಗಿ ಆಡಿಟ್ ವಿಭಾಗದಲ್ಲಿ 'ಮೇಲ್ ಐಟಮ್ಸ್ ಅಕ್ಸೆಸ್ಡ್' ದಾಖಲೆ ಹುಡುಕಬಹುದು, ಸಾಮಾನ್ಯ ಆಡಿಟ್‌ನಲ್ಲಿ 180 ದಿನ ಉಳಿಯುತ್ತದೆ. ನಿಮ್ಮ ಪ್ಲಾನಿಗೆ ಅದು ಸೇರಿದೆಯೇ ಎಂದು ಮೊದಲು ನೋಡಿಕೊಳ್ಳಿ. ಸೇರಿದ್ದರೂ ದಿನದ ಕೆಲಸಕ್ಕೆ ಬಾರದು. ದಾಖಲೆಯಲ್ಲಿ ಮೇಲ್‌ನ ವಿಷಯದ ಸಾಲಿಗಿಂತ ಉದ್ದನೆಯ ಮೆಸೇಜ್ ಐಡಿಯನ್ನೇ ನಂಬಬೇಕು, ಅದನ್ನು ಮೇಲ್‌ನ ಹೆಡರಿನ (ಮೇಲ್ ಜೊತೆ ಬರುವ ತಾಂತ್ರಿಕ ವಿವರ) ಜೊತೆ ಕೈಯಾರೆ ತಾಳೆ ನೋಡಬೇಕು. ಎರಡು ನಿಮಿಷದ ಅವಧಿಯಲ್ಲಿ ತೆರೆದವೆಲ್ಲ ಒಂದೇ ದಾಖಲೆಯಾಗಿ ಸೇರಿರುತ್ತವೆ. ಕಂಪ್ಯೂಟರಿನಲ್ಲಿ ಕೂರಿಸಿದ ಔಟ್‌ಲುಕ್ ಕ್ಯಾಷ್ ವಿಧಾನದಲ್ಲಿದ್ದರೆ (ಮೇಲ್‌ಗಳ ಪ್ರತಿಯನ್ನು ಕಂಪ್ಯೂಟರಿನಲ್ಲೇ ಇಟ್ಟುಕೊಂಡರೆ) ಇಡೀ ಫೋಲ್ಡರ್ ಸಿಂಕ್ ಆಯಿತು, ಅಂದರೆ ಸರ್ವರಿನಿಂದ ಇಳಿಯಿತು, ಎಂದಷ್ಟೇ ಬರುತ್ತದೆ. ಆ ವ್ಯಕ್ತಿ ಯಾವ ಮೇಲನ್ನು ಕಣ್ಣಿಟ್ಟು ನೋಡಿದರು ಎಂಬುದು ಅದರಿಂದ ತಿಳಿಯದು. ಪಾಸ್‌ವರ್ಡ್ ಕಳುವಾದಾಗ ತನಿಖೆಗೆಂದು ಮಾಡಿದ ಸಾಧನ ಇದು.

ಔಟ್‌ಲುಕ್‌ನಲ್ಲೇ ಇರಬೇಕಾದವರು ಎರಡು ಕೆಲಸ ಮಾಡಿ. ಪ್ರತಿ ಕಂಪ್ಯೂಟರಿನ ಕ್ಲಾಸಿಕ್ ಔಟ್‌ಲುಕ್‌ನಲ್ಲೂ ಫೈಲ್, ಆಪ್ಷನ್ಸ್, ಮೇಲ್, ರೀಡಿಂಗ್ ಪೇನ್ ಎಂದು ಹೋಗಿ, ಪಕ್ಕದ ಕಿಟಕಿಯಲ್ಲಿ ಕಂಡರೆ ಓದಿದಂತೆ ಗುರುತಿಸುವ ಟಿಕ್ಕನ್ನೂ, ಬೇರೆ ಮೇಲ್‌ಗೆ ಸರಿದರೆ ಗುರುತಿಸುವ ಟಿಕ್ಕನ್ನೂ ತೆಗೆಯಿರಿ. ಬಾಣದ ಕೀ ಒತ್ತಿಕೊಂಡು ಕೆಳಗಿಳಿದವರಿಂದ ಹತ್ತು ಮೇಲ್ ಓದಿದಂತಾಗುವುದು ಅಲ್ಲಿಗೆ ನಿಲ್ಲುತ್ತದೆ. ಎರಡನೆಯದು, ಕಳಿಸಿದ ಉತ್ತರದ ಪ್ರತಿ ಕಳಿಸಿದವರ ಸ್ವಂತ ಸೆಂಟ್ ಫೋಲ್ಡರಿಗೆ ಹೋಗುತ್ತದೆ. ಶೇರ್ಡ್ ಮೇಲ್‌ಬಾಕ್ಸಿನಲ್ಲೂ ಒಂದು ಪ್ರತಿ ಉಳಿಯುವಂತೆ ಅಡ್ಮಿನ್ ಹಾಕಿಕೊಡದಿದ್ದರೆ, ಉತ್ತರ ಹೋಗಿದೆಯೇ ಎಂಬುದೇ ಉಳಿದವರಿಗೆ ತಿಳಿಯುವುದಿಲ್ಲ.

ಗೂಗಲ್ ಗ್ರೂಪ್ಸ್‌ನ ಕೊಲಾಬರೇಟಿವ್ ಇನ್‌ಬಾಕ್ಸ್ ಇದಕ್ಕಿಂತ ವಾಸಿ. ಓದಿದ ಗುರುತು ಅವರವರದೇ. ಪ್ರತಿ ಮೇಲನ್ನೂ ಒಬ್ಬರ ಹೆಸರಿಗೆ ಹಚ್ಚಬಹುದು, ಮುಗಿದದ್ದಕ್ಕೆ 'ಕಂಪ್ಲೀಟ್' ಎಂದು ಹಾಕಬಹುದು. ಗ್ರೂಪ್ ಸೆಟ್ಟಿಂಗ್ಸ್‌ನಲ್ಲಿ ಕೊಲಾಬರೇಟಿವ್ ಇನ್‌ಬಾಕ್ಸ್ ಆರಿಸಿ, ಕಾನ್ವರ್ಸೇಶನ್ ಹಿಸ್ಟರಿ ಆನ್ ಮಾಡಿ, ಸದಸ್ಯರಿಗೆ ಹೆಸರು ಹಚ್ಚುವ ಅನುಮತಿ ಕೊಡಬೇಕು. ಎಡವಟ್ಟಾಗುವುದು ಸದಸ್ಯರ ಸಬ್‌ಸ್ಕ್ರಿಪ್ಷನ್‌ನಲ್ಲಿ. ಪ್ರತಿ ಮೇಲೂ ಅವರ ಸ್ವಂತ ಜೀಮೇಲ್‌ಗೆ ಬರುವಂತಿದ್ದರೆ ಅಲ್ಲೇ ಓದಿ ಅಲ್ಲಿಂದಲೇ ಉತ್ತರಿಸುತ್ತಾರೆ. ಗ್ರೂಪಿನ ಪಟ್ಟಿಯಲ್ಲಿ ಹೆಸರೂ ಇಲ್ಲ, ಕಂಪ್ಲೀಟೂ ಇಲ್ಲ, ಪಾರ್ಟಿಗೆ ಉತ್ತರ ಹೋದದ್ದು ಹುಡುಗನ ಸ್ವಂತ ವಿಳಾಸದಿಂದ. ಎಲ್ಲರಿಗೂ 'ನೋ ಇಮೇಲ್' ಹಾಕಿ, ಗ್ರೂಪ್ಸ್ ಪುಟವನ್ನೇ ತೆರೆದಿಟ್ಟು ಕೂರುವ ಅಭ್ಯಾಸ ಮಾಡಿಸಬೇಕು. ಕೌಂಟರಿನಲ್ಲಿ ಗಿರಾಕಿ ನಿಂತಿರುವ ಆಫೀಸಿನಲ್ಲಿ ಆ ಅಭ್ಯಾಸ ನಿಲ್ಲುವುದು ಕಷ್ಟ.

ಬಿಡಿಕಾಸೂ ಖರ್ಚಿಲ್ಲದ್ದು ಥಂಡರ್‌ಬರ್ಡ್, ಕಂಪ್ಯೂಟರಿನಲ್ಲಿ ಕೂರಿಸಿಕೊಳ್ಳುವ ಮೇಲ್ ಸಾಫ್ಟ್‌ವೇರ್. ಅದರ ಟ್ಯಾಗುಗಳು ಐಮ್ಯಾಪ್ ಸರ್ವರಿಗೇ ಹೋಗಿ ಕೂರುತ್ತವೆ (ಸರ್ವರ್ ಒಪ್ಪಿದರೆ), ಆದ್ದರಿಂದ ಎಲ್ಲ ಕಂಪ್ಯೂಟರಿನಲ್ಲೂ ಕಾಣುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಮೊದಲಿನಿಂದ ಇರುವ ಐದು ಟ್ಯಾಗುಗಳ ಹೆಸರನ್ನೇ ಐವರ ಹೆಸರಿಗೆ ಬದಲಿಸಿ. ಹೊಸ ಟ್ಯಾಗು ಮಾಡಲು ಹೋಗಬೇಡಿ. ಹೆಸರು, ಬಣ್ಣ ಆಯಾ ಕಂಪ್ಯೂಟರಿನಲ್ಲೇ ಉಳಿಯುವುದರಿಂದ ಐದೂ ಕಡೆ ಒಂದೇ ಕ್ರಮದಲ್ಲಿ ಬರೆಯಬೇಕು. ಕ್ರಮ ತಪ್ಪಿದರೆ ಒಬ್ಬರ ಕೆಲಸ ಇನ್ನೊಬ್ಬರ ಹೆಸರಿನಲ್ಲಿ ಕಾಣುತ್ತದೆ. ತೆರೆದ ಕೂಡಲೇ ಓದಿದಂತೆ ಮಾಡುವ ಟಿಕ್ ತೆಗೆಯಿರಿ. ಮೇಲ್ ಕೈಗೆತ್ತಿಕೊಂಡವರು ತಮ್ಮ ಅಂಕೆ, 1ರಿಂದ 5ರಲ್ಲಿ ಒಂದನ್ನು, ಒತ್ತಿದರೆ ಬಣ್ಣ ಬರುತ್ತದೆ. ಬಣ್ಣ ಬೇರೆ ಕಂಪ್ಯೂಟರಿನಲ್ಲಿ ತಕ್ಷಣ ಕಾಣದೆ, ಫೋಲ್ಡರ್ ಮತ್ತೆ ತೆರೆದ ಮೇಲೆ ಕಾಣುವುದುಂಟು. ಅಷ್ಟರಲ್ಲಿ ಇಬ್ಬರು ಉತ್ತರ ಬರೆಯಲು ಶುರುಮಾಡಿದ್ದರೆ ತಡೆಯುವವರಿಲ್ಲ. ಮೊಬೈಲ್ ಮೇಲ್ ಆ್ಯಪುಗಳಲ್ಲಿ ಈ ಟ್ಯಾಗುಗಳು ಸಾಮಾನ್ಯವಾಗಿ ಕಾಣುವುದಿಲ್ಲ.

ಫ್ರೀಸ್ಕೌಟ್ ಆ ತಡೆಯನ್ನೇ ಕೊಡುತ್ತದೆ. ನೀವು ತೆರೆದಿರುವ ಮೇಲನ್ನು ಇನ್ನೊಬ್ಬರೂ ತೆರೆದರೆ ಅವರ ಗುರುತು ಪರದೆಯ ಮೇಲೆ ಬರುತ್ತದೆ. ಯಾರ ಹೆಸರಿಗೆ ಹಚ್ಚಿದ್ದು, ಯಾರು ಹಚ್ಚಿದ್ದು, ಯಾರು ಮುಚ್ಚಿದ್ದು ಎಲ್ಲವೂ ಆ ಮೇಲ್‌ನ ಕೆಳಗೇ ಸಾಲಾಗಿ ದಾಖಲಾಗುತ್ತದೆ. ಸುಮ್ಮನೆ ಓದಿ ಹೋದವರ ಪಟ್ಟಿ ಬೇಕೆಂದು ಹಟ ಹಿಡಿಯುವವರಿಗೆ ಇದು ಹಿಡಿಸಲಿಕ್ಕಿಲ್ಲ. ಓದಿದವರನ್ನು ಕಟ್ಟಿಕೊಂಡು ಏನಾಗಬೇಕು, ಒಪ್ಪಿಕೊಂಡವರ ಹೆಸರು ಸಿಕ್ಕರೆ ಸಾಕು ಎಂಬುದು ನನ್ನ ಮತ. ಮೇಲ್‌ಬಾಕ್ಸ್ ಸೆಟ್ಟಿಂಗ್ಸ್‌ನಲ್ಲಿ ಡೀಫಾಲ್ಟ್ ಅಸೈನಿಯನ್ನು (ಮೇಲ್ ತಾನಾಗಿ ಯಾರ ಹೆಸರಿಗೆ ಹೋಗಬೇಕು ಎಂಬುದು) 'ಉತ್ತರಿಸಿದವರು, ಯಾರ ಹೆಸರಿಗೂ ಇಲ್ಲದಿದ್ದರೆ' ಎಂಬುದಕ್ಕೆ ಇಡಿ; ಹೆಸರು ಹಚ್ಚಲು ಮರೆತರೂ ತಾನೇ ಹಚ್ಚಿಕೊಳ್ಳುತ್ತದೆ.

ಈಗ ಆ ತರಲೆ. ಫ್ರೀಸ್ಕೌಟ್ ತಾನೇ ಮೇಲ್ ಸರ್ವರ್ ಅಲ್ಲ. ನಿಮ್ಮ ಹಳೆಯ ಇನ್‌ಬಾಕ್ಸಿಗೆ ಐಮ್ಯಾಪ್ ಮೂಲಕ ನಿಮಿಷಕ್ಕೊಮ್ಮೆ ಹೋಗಿ ಹೊಸ ಮೇಲ್ ಎತ್ತಿಕೊಂಡು ಬರುತ್ತದೆ. ಹೊಸದು ಯಾವುದೆಂದು ತಿಳಿಯಲು ಅದು ನೋಡುವುದು ಅದೇ ಸೀನ್ ಗುರುತನ್ನು. ಗುರುತು ಬಿದ್ದಿದ್ದರೆ ಮುಟ್ಟುವುದೇ ಇಲ್ಲ. ಯಾರದೋ ಮೊಬೈಲಿನಲ್ಲಿ ಇನ್ಫೋ ಖಾತೆ ಇನ್ನೂ ಉಳಿದಿದ್ದು, ನೋಟಿಫಿಕೇಶನ್ ಬಂದ ಕೂಡಲೇ ಅವರು ಒತ್ತಿ ನೋಡಿದರೆ ಆ ಮೇಲ್ ಫ್ರೀಸ್ಕೌಟಿಗೆ ಬರುವುದೇ ಇಲ್ಲ. ಎರರ್ ತೋರಿಸುವುದಿಲ್ಲ, ಅದರ ಪ್ರಕಾರ ಎತ್ತಬೇಕಾದದ್ದನ್ನೆಲ್ಲ ಎತ್ತಿಯಾಗಿದೆ. ಮೊಬೈಲು ಮುಂದಾದಾಗ ಮಾತ್ರ ತಪ್ಪುವುದರಿಂದ ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ. ಹೋಸ್ಟಿಂಗಿನವರನ್ನು, ಸ್ಪಾಮ್ ಫಿಲ್ಟರನ್ನು ಬೈಯುತ್ತ ವಾರಗಟ್ಟಲೆ ಕಳೆಯುವಂಥ ದೋಷ ಇದು.

ಪರಿಹಾರ ಇದು: ಫ್ರೀಸ್ಕೌಟ್ ಶುರುವಾದ ದಿನವೇ ಇನ್ಫೋ ಖಾತೆಯ ಪಾಸ್‌ವರ್ಡ್ ಬದಲಿಸಿ, ಹೊಸದನ್ನು ಫ್ರೀಸ್ಕೌಟಿಗೆ ಮಾತ್ರ ಕೊಡಿ. ಎಲ್ಲರ ಫೋನಿನಿಂದ ಖಾತೆ ತೆಗೆಸುತ್ತ ಕೂತರೆ ಒಂದಾದರೂ ಉಳಿದಿರುತ್ತದೆ. ಪಾಸ್‌ವರ್ಡ್ ಬದಲಿಸಿದರೆ ಉಳಿದವು ತಾವೇ ಬಾಯಿ ಮುಚ್ಚುತ್ತವೆ. ಯಜಮಾನರಿಗೆ ಫೋನಿನಲ್ಲಿ ನೋಡಲೇಬೇಕೆಂದಿದ್ದರೆ ಸೀಪ್ಯಾನಲ್‌ನಲ್ಲಿ (ಹೋಸ್ಟಿಂಗ್ ನಿಭಾಯಿಸುವ ಪುಟ) ಫಾರ್ವರ್ಡರ್ ಹಾಕಿ ಅವರ ಸ್ವಂತ ವಿಳಾಸಕ್ಕೆ ಪ್ರತಿ ಹೋಗುವಂತೆ ಮಾಡಿ. ತಪ್ಪಿದ ಮೇಲ್ ಸಿಕ್ಕರೆ ವೆಬ್‌ಮೇಲ್‌ಗೆ ಹೋಗಿ ಅದನ್ನು 'ಓದದ್ದು' ಎಂದು ಗುರುತಿಸಿ, ಮುಂದಿನ ಸುತ್ತಿನಲ್ಲಿ ಎತ್ತಿಕೊಳ್ಳುತ್ತದೆ. ಆದರೆ ಅದು ಹಿಂದಿರುಗಿ ನೋಡುವುದು ಮೂರು ದಿನದವರೆಗೆ ಮಾತ್ರ. ಅದಕ್ಕಿಂತ ಹಳೆಯದಾದರೆ ಮೇಲ್ ಎತ್ತುವ ಕಮಾಂಡನ್ನು ಕೈಯಾರೆ, ದಿನಗಳ ಜಾಗದಲ್ಲಿ 7 ಅಥವಾ 15 ಕೊಟ್ಟು ಓಡಿಸಬೇಕು.

ಇನ್ನುಳಿದವು ಸಣ್ಣವು. ಕೆಲವು ಅಗ್ಗದ ಹೋಸ್ಟಿಂಗುಗಳಲ್ಲಿ ಕ್ರಾನ್ (ಮೇಲ್ ಎತ್ತುವಂಥ ಕೆಲಸವನ್ನು ಹೊತ್ತಿಗೆ ಸರಿಯಾಗಿ ತಾನೇ ಓಡಿಸುವ ಏರ್ಪಾಡು) ನಿಮಿಷಕ್ಕೊಮ್ಮೆ ಓಡಲು ಬಿಡುವುದಿಲ್ಲ, ಮೊದಲೇ ಕೇಳಿಕೊಳ್ಳಿ. ಮೇಲ್ ಇರುವುದು ಮೈಕ್ರೋಸಾಫ್ಟ್‌ನಲ್ಲಾದರೆ ಬರಿಯ ಪಾಸ್‌ವರ್ಡ್ 2022ರ ಅಕ್ಟೋಬರ್‌ನಿಂದ ನಡೆಯುವುದಿಲ್ಲ, ಓಆತ್ (ಪಾಸ್‌ವರ್ಡ್ ಕೊಡದೆ ಅನುಮತಿ ಕೊಡುವ ವಿಧಾನ) ನೋಂದಣಿ ಮಾಡಬೇಕು. ಬಂದ ಮೇಲ್‌ನ ಮೂಲ ಪ್ರತಿ ಇನ್‌ಬಾಕ್ಸಿನಲ್ಲೇ ಉಳಿಯುತ್ತದೆ. ನೀವು ಬರೆದ ಉತ್ತರಗಳು ಫ್ರೀಸ್ಕೌಟಿನ ಡೇಟಾಬೇಸಿನಲ್ಲಿ ಇರುವುದರಿಂದ ಅದರ ಬ್ಯಾಕಪ್ ಬೇಕೇ ಬೇಕು. ಉತ್ತರದ ಪ್ರತಿಯನ್ನು ಐಮ್ಯಾಪ್ ಸೆಂಟ್ ಫೋಲ್ಡರಿನಲ್ಲೂ ಉಳಿಸುವ ಸೆಟ್ಟಿಂಗ್ ಇದೆ, ಹಾಕಿಡಿ.

ಮಂಡ್ಯದ ಬೆಲ್ಲದ ಮಂಡಿಯಂಥ ಕಡೆ ಇಬ್ಬರೇ ಮೇಲ್ ನೋಡುವುದಾದರೆ ಇಷ್ಟೆಲ್ಲ ಬೇಡ, ಥಂಡರ್‌ಬರ್ಡ್‌ನ ಎರಡು ಬಣ್ಣ ಸಾಕು. ಗೂಗಲ್ ವರ್ಕ್‌ಸ್ಪೇಸ್‌ಗೆ ಆಗಲೇ ದುಡ್ಡು ಕಟ್ಟುತ್ತಿದ್ದು, ಹೋಸ್ಟಿಂಗ್ ಪ್ಯಾನೆಲ್ ಮುಟ್ಟಬಲ್ಲವರು ಆಫೀಸಿನಲ್ಲಿ ಯಾರೂ ಇಲ್ಲವೆಂದರೆ ಗ್ರೂಪ್ಸ್ ಹಾಕಿಕೊಳ್ಳಿ, 'ನೋ ಇಮೇಲ್' ಮರೆಯಬೇಡಿ. ಮೂರಕ್ಕಿಂತ ಹೆಚ್ಚು ಜನ, ತಿಂಗಳ ಖರ್ಚು ಏರಬಾರದು, ಅಪ್‌ಡೇಟ್ ಮಾಡಲು ಒಬ್ಬ ಹುಡುಗ ಇದ್ದಾನೆ ಎಂದರೆ ಫ್ರೀಸ್ಕೌಟ್. ಹಾಕುವುದನ್ನು ಆಗಸ್ಟಿನೊಳಗೆ ಮುಗಿಸಿ. ನವರಾತ್ರಿಯ ವಾರದಲ್ಲಿ ಪಾಸ್‌ವರ್ಡ್ ಬದಲಿಸಿದರೆ ಇಡೀ ಆಫೀಸು ಫೋನು ಹಿಡಿದು ನಿಮ್ಮ ಮೇಜಿನ ಮುಂದೆ ನಿಂತಿರುತ್ತದೆ.